ರ‍್ಯಾಂಪಿನ ಕೆಳಗಿನ ಕಾಕಾ

ಏಕಾಂತದಲ್ಲಿ ಮನುಷ್ಯನಿಗೆ ಆತ್ಮಜ್ಞಾನ ಉಂಟಾಗುತ್ತದೆಂದು ದೊಡ್ಡವರು ಹೇಳುತ್ತ ಬಂದಿದ್ದಾರೆ. ಹೋದ ವಾರ ನಮ್ಮ ಬಚ್ಚಲುಮನೆಯ ಚಿಲಕ ಒಳಗಿನಿಂದ ಸಿಕ್ಕಿಕೊಂಡು ನನಗೆ ಮುಕ್ಕಾಲು ತಾಸಿನ ಏಕಾಂತ ಒದಗಿತು, ಉಂಟಾದದ್ದು ನೆಗಡಿ.

ಕುಕ್ಕರಿನ ಸೀಟಿಯಲ್ಲಿ ನನ್ನ ಕೂಗು ಯಾರಿಗೂ ಕೇಳಲಿಲ್ಲ. ನನಗೆ ಮಾತ್ರ ಎಲ್ಲರ ಹೆಜ್ಜೆಯೂ ಕೇಳುತ್ತಿತ್ತು: ಹೆಂಡತಿ ಎಳೆದು ಹಾಕುವ ಚಪ್ಪಲಿ, ಸೊಸೆಯ ಅವಸರದ ಹಿಮ್ಮಡಿ. ನನ್ನ ಕಾಲಡಿಯಲ್ಲಿ ಒದ್ದೆ ಫರಸಿ. ಶಹಾಬಾದಿನ ಈ ಹಾಸುಗಲ್ಲಿಗೆ ನೀರು ಬಿದ್ದರೆ ಮಕ್ಕಳು ಬರೆಯುವ ಹಳೆಯ ಪಾಟಿಯ ವಾಸನೆ ಬರುತ್ತದೆ. ಆ ವಾಸನೆ, ಹೊರಗಿನ ಆ ಹೆಜ್ಜೆಗಳು… ಫರಸಿ ಕಾಕಾ ನೆನಪಾದರು.

ಶಹಾಬಾದಿನ ನಮ್ಮ ಓಣಿಯಲ್ಲಿ ಅವರದು ಮೂರನೆಯ ಮನೆ. ವಯಸ್ಸೆಲ್ಲ ಕಲ್ಲಿನ ಖಣಿಯಲ್ಲಿ ಕಳೆದವರು. ಎಬ್ಬಿಸಿದ ಕಲ್ಲಿಗೆ ಸಣ್ಣ ಸುತ್ತಿಗೆಯಿಂದ ಒಂದೇಟು ಕೊಟ್ಟು, ತಲೆ ಓರೆ ಮಾಡಿ ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಗಟ್ಟಿ ಕಲ್ಲು ಗಂಟೆಯ ಹಾಗೆ ನುಡಿಯುತ್ತದಂತೆ, ಬಿರುಕಿನದು ನೆಗಡಿಯಾದವರ ಹಾಗೆ. ಖಣಿಯಲ್ಲಿ ನೀರು ತುಂಬಿ ಕೆಲಸ ನಿಂತಾಗ ಅವರು ಮದುವೆ ಮಂಟಪ ಕಟ್ಟುವ ಮುಕಾದಮನೊಬ್ಬನ ಜೊತೆ ಹೈದರಾಬಾದಿಗೆ ಹೋದರು. ಸುತ್ತಿಗೆ ಜೊತೆಗೆ ಹೋಯಿತು, ಖಣಿಯ ಧೂಳಿನ ಕೆಮ್ಮೂ ಹೋಯಿತು.

ಆ ನಗರದ ಫ್ಯಾಶನ್ ವೀಕಿನ ಇತಿಹಾಸವನ್ನು ವಿದ್ವಾಂಸರು ಮುಂದೆಂದಾದರೂ ಬರೆಯಬಹುದು. ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ನನಗೆ ಅದು ಕಾಕಾನ ಬಾಯಿಂದ, ಕೆಳಗಿನಿಂದ ಮೇಲಕ್ಕೆ ತಿಳಿಯಿತು. ರೂಪದರ್ಶಿಯರು ನಡೆಯುವ ಕಟ್ಟೆಯ ಗುತ್ತಿಗೆ ಆ ಮುಕಾದಮನಿಗೇ ಸಿಕ್ಕಿತ್ತು, ಮೊದಲ ವರ್ಷದ ರ‍್ಯಾಂಪೆಂದರೆ ಮದುವೆ ಮಂಟಪದ ಹಲಗೆಗಳನ್ನೇ ಸಾಲಾಗಿ ಜೋಡಿಸಿದ್ದು. ಸಂದಿಯಲ್ಲಿ ಯಾರದೋ ಅಕ್ಷತೆ ಇನ್ನೂ ಉಳಿದಿತ್ತಂತೆ. ನಡುವೆ ಒಂದು ಹಲಗೆ ಕುಸಿದು ಒಬ್ಬ ಹುಡುಗಿಯ ಕಾಲು ಕಣಕಾಲಿನವರೆಗೆ ಒಳಗೆ ಹೋಯಿತು. ಆಗ ಮುಕಾದಮನಿಗೆ ಕಾಕಾನ ಕಿವಿ ನೆನಪಾಯಿತು. ಮರುವರ್ಷದಿಂದ ಪದ್ಧತಿಯೇ ಆಯಿತು: ಮುಂಚೆ ಕಾಕಾ ಪ್ರತಿ ಹಲಗೆಯನ್ನೂ ಬಡಿದು ನೋಡಬೇಕು, ಆಮೇಲೆ ಕಟ್ಟಿಗೆಯ ಬೆಣೆಗಳನ್ನು ಹಿಡಿದು ರ‍್ಯಾಂಪಿನ ಕೆಳಗೆ ಮಲಗಬೇಕು, ಯಾವ ಹಲಗೆ ಸದ್ದು ಬದಲಿಸಿತೋ ಅದಕ್ಕೆ ಬೆಣೆ ಕೊಡಬೇಕು. ಸುತ್ತಲೂ ಕರಿ ಬಟ್ಟೆಯ ಝಾಲರಿಗೆ ಪಿನ್ನು ಹೊಡೆದುಬಿಡುತ್ತಿದ್ದರು. ಶೋ ಮುಗಿಯುವ ತನಕ ಹೊರಗೆ ಬರುವ ಹಾಗಿಲ್ಲ, ಕೆಮ್ಮುವ ಹಾಗಂತೂ ಇಲ್ಲವೇ ಇಲ್ಲ. ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟು, ದವಡೆಯಲ್ಲಿ ಜ್ಯೇಷ್ಠಮಧುವಿನ ಬೇರು ಕಚ್ಚಿಕೊಂಡು ಅವರು ಒಳಗೆ ಹೋಗುತ್ತಿದ್ದರು.

"ಈ ವರ್ಷ ಹಿಮ್ಮಡಿ ಸಣ್ಣ ಆಗ್ಯಾವ್ರಿ ಮಾಸ್ತರ, ಮೊಳಿ ಹೊಡ್ದಂಗ ಕೇಳ್ತದ," ಎಂದು ಊರಿಗೆ ಬಂದಾಗ ವರದಿ ಒಪ್ಪಿಸುತ್ತಿದ್ದರು. ಇನ್ನೊಂದು ವರ್ಷ, "ಎಲ್ಲಾರೂ ಬೂಟ್ ಹಾಕ್ಯಾರ. ಪೊಲೀಸರು ಬಂದ್ರೇನೋ ಅಂತ ಅಂಜಿದ್ದೆ." ಮೊಣಕಾಲಿನ ಮೇಲಿನ ಫ್ಯಾಶನ್ ಬಗ್ಗೆ ಅವರಿಗೇನೂ ಗೊತ್ತಿರಲಿಲ್ಲ. ಅಲ್ಲಿ ಅವರಿಗೆ ಇಬ್ಬರದೇ ಪರಿಚಯ: ಬೆಳಗಿನಿಂದ ಹಬೆಯಲ್ಲಿ ಬೇಯುವ ಇಸ್ತ್ರಿಯವ, ಮತ್ತು ಹುಕ್ಕು ಕಿತ್ತರೆ ಹುಡುಗಿಯರನ್ನು ಬಟ್ಟೆಯೊಳಗೇ ಹೊಲಿದುಬಿಡುವ ಒಬ್ಬ ಅಕ್ಕ. ಶೋ ನೋಡಿದ್ದು ಅವರೂ ಇಲ್ಲ.

ಕಾಕಾನಿಗೆ ಆಸೆ ಇದ್ದದ್ದು ಒಂದೇ, ಒಮ್ಮೆ ಕುರ್ಚಿಯ ಮೇಲೆ ಕುಳಿತು ಅದನ್ನು ನೋಡಬೇಕು. ಪ್ರತಿ ವರ್ಷ ಕೇಳುತ್ತಿದ್ದರು. "ನಿಮ್ಮಂಥ ಕಿವಿ ಇದ್ದವ ಇನ್ನೊಬ್ಬ ಸಿಗ್ಲಿ, ಅವತ್ತೇ ಬಿಡ್ತೀನಿ," ಎಂದು ಮುಕಾದಮ ಅಷ್ಟೇ ಪ್ರೀತಿಯಿಂದ ಅವರನ್ನು ಮತ್ತೆ ಕೆಳಗೆ ಕಳಿಸುತ್ತಿದ್ದ. ಗುಣವಂತರನ್ನು ಲೋಕ ಗೌರವಿಸುವ ರೀತಿ ಸಾಮಾನ್ಯವಾಗಿ ಇದೇ.

ಕೊನೆಗೆ ಬಿಡಿಸಿದ್ದು ಕೆಮ್ಮು. ಇನ್ನು ಧೂಳಿನಲ್ಲಿ ಮಲಗಕೂಡದೆಂದು ಡಾಕ್ಟರು ಗದರಿದ ಮೇಲೆ, ಮುಕಾದಮ ಸುಲೇಪೇಟದ ಬಡಿಗನೊಬ್ಬನನ್ನು ಕೆಳಗೆ ಮಲಗಿಸಲು ಒಪ್ಪಿ, ಕಾಕಾನ ಕೈಗೆ ಎರಡು ಪಾಸು ಕೊಟ್ಟ. ಎರಡನೆಯದು ನನಗೆ. ವಾಡಿಯಲ್ಲಿ ರೈಲು ಹತ್ತಿದೆವು. ಚಿತ್ತಾಪುರ, ಸೇಡಂ ದಾಟುವವರೆಗೂ ಕಾಕಾ ಪಾಸನ್ನು ಜೇಬಿನಿಂದ ತೆಗೆದು ನೋಡುವುದು, ಮತ್ತೆ ಇಡುವುದು. ಹೈದರಾಬಾದಿನಲ್ಲಿ ಇಸ್ತ್ರಿಯವ ಅವರ ಅಂಗಿ ಬಿಚ್ಚಿಸಿ, ಗರಿಗರಿ ಮಾಡಿ ತೊಡಿಸಿದ. ಒಳಗೆ ಹೋಗುವ ಮುಂಚೆ ಕಾಕಾ ಜ್ಯೇಷ್ಠಮಧುವಿನ ಬೇರನ್ನು ನನ್ನ ಕೈಗಿಟ್ಟರು.

"ಇವತ್ ಇದು ಬ್ಯಾಡ್ರಿ. ಕುರ್ಚಿ ಮ್ಯಾಲ ಕುಂತು ಬೇಕಾದಂಗ ಕೆಮ್ತೀನಿ."

ಹಿಂದಿನ ಸಾಲಿನಲ್ಲಿ, ರ‍್ಯಾಂಪಿನ ಬುಡದ ಪಕ್ಕಕ್ಕೇ ನಮಗೆ ಜಾಗ ಸಿಕ್ಕಿತು. ದೀಪ ಹತ್ತಿದವು, ಹುಡುಗಿಯರು ಬರತೊಡಗಿದರು. ತಿರುಗಿ ನೋಡಿದರೆ ಕಾಕಾ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕುಳಿತಿದ್ದಾರೆ!

"ಕಾಕಾ, ಕಣ್ ತೆರೀರಿ. ನೋಡ್ಲಿಕ್ಕ ಬಂದೀರಿ."

"ತಡೀರಿ… ಏಳನೇ ಹಲಗಿ ಬ್ಯಾರೆ ಮಾತಾಡ್ಲಿಕತ್ತದ."

"ಬಡಿಗ ಇದ್ದಾನಲ್ರಿ ಕೆಳಗ?"

"ಅವ ಆ ತುದಿಗಿ ಇದ್ದಾನ. ಅವ್ನಿಗಿ ಕೇಳಿದ್ರ ಇಷ್ಟೊತ್ತಿಗಿ ಬೆಣಿ ಬೀಳ್ತಿತ್ತು."

ಎದ್ದು ಕಾವಲಿನವನಿಗೆ ಹೇಳಲು ಹೋದರು. ಅವನು ಹೆಗಲು ಹಿಡಿದು, "ಚಾಚಾ, ಚುಪ್‌ಚಾಪ್ ಬೈಠೋ," ಎಂದು ಕೂರಿಸಿದ. ಇನ್ನೂ ಇಬ್ಬರು ಹುಡುಗಿಯರು ದಾಟಿದರು. ಕಾಕಾ ನನ್ನ ಕಡೆ ನೋಡಿ, "ಕಡೀಗಿ ಮದುಮಗಳ ವೇಷ ಬರ್ತದ್ರಿ, ಭಾಳ ಒಜ್ಜಿ, ಹಲಗಿ ತಡಿಯಂಗಿಲ್ಲ," ಎಂದರು. ಕಾವಲಿನವನು ಅತ್ತ ತಿರುಗಿದಾಗ ಬಗ್ಗಿ, ಝಾಲರಿನ ಮೂಲೆ ಎತ್ತಿ, ಒಳಗೆ ಹೋಗಿಬಿಟ್ಟರು. ಬಗ್ಗುವಾಗ ಕಂಡೆ, ಅವರ ಇಸ್ತ್ರಿ ಅಂಗಿಯ ಜೇಬಿನಲ್ಲಿ ಎರಡು ಬೆಣೆಗಳಿದ್ದವು. ನೋಡಲು ಬಂದವರು ಬೆಣೆ ಯಾಕೆ ತಂದಿದ್ದರೋ… ಪಕ್ಕದ ಹೆಂಗಸು ಖಾಲಿ ಕುರ್ಚಿಯ ಮೇಲೆ ತನ್ನ ಬ್ಯಾಗು ಇಟ್ಟಳು.

ಬೇರು ನನ್ನ ಮುಷ್ಟಿಯಲ್ಲೇ ಉಳಿದದ್ದು ಗಮನಕ್ಕೆ ಬಂದಾಗ ತಡವಾಗಿತ್ತು. ಕೊನೆಯ ಮದುಮಗಳಿಗಾಗಿ ಸಂಗೀತ ನಿಲ್ಲಿಸಿದರು. ಸಭೆಯೆಲ್ಲ ಗಪ್‌ಚಿಪ್. ಅವಳು ಮೊದಲ ಹೆಜ್ಜೆ ಇಡುವಷ್ಟರಲ್ಲಿ ರ‍್ಯಾಂಪಿನ ಹೊಟ್ಟೆಯೊಳಗಿಂದ ಒಂದು ಕೆಮ್ಮು. ಮುಂದಿನ ಸಾಲಿನವರು ಕೆಳಗೆ ನೋಡಿದರು. ಎರಡನೆಯದು. ಕಾವಲಿನವನು ಝಾಲರಿನ ಕಡೆ ಹೆಜ್ಜೆ ಹಾಕಿದ.

ಆಗ ನಾನು ಕೆಮ್ಮಿದೆ. ಮೂವತ್ತು ವರ್ಷ ರಾಜಮನೆತನಗಳ ಪಟ್ಟಿ ಒಪ್ಪಿಸಿದ ಗಂಟಲನ್ನು ಪೂರ್ತಿ ಬಳಸಿ, ಸಭ್ಯ ಸಮಾಜದ ಮಧ್ಯೆ ನಿಂತು ಕೆಮ್ಮಿದೆ. ಕಾಕಾ ಒಂದು ಕೆಮ್ಮಿದರೆ ನಾನು ಮೂರು. ಕಾವಲಿನವನು ದಾರಿ ಬದಲಿಸಿ, ನನ್ನ ರಟ್ಟೆ ಹಿಡಿದು ಹೊರಗೆ ಕರೆದೊಯ್ದ. ಮದುಮಗಳಿಗೆ ಬೆನ್ನು ಮಾಡಿಯೇ ನಾನು ಬಾಗಿಲು ದಾಟಿದೆ. ಹೊರಗಿದ್ದಾಗ ಚಪ್ಪಾಳೆ ಕೇಳಿಸಿತು. ಹಲಗೆ ಕುಸಿದಿರಲಿಲ್ಲ.

ಮರುದಿನ ರೈಲು ತಾಂಡೂರು ದಾಟಿತು. ಆಮೇಲೆ ಕಾಕಾ ಅಂದರು, "ನಿಮಗ ಕೆಮ್ಲಿಕ್ಕ ಬರಂಗಿಲ್ರಿ ಮಾಸ್ತರ. ಖರೇ ಕೆಮ್ಮು ಹಂಗ ಇರಂಗಿಲ್ಲ."

"ಏನರ ಕಂಡ್ರಿ, ಕಾಕಾ?"

"ಝಾಲರಿನ ಒಳಮೈ. ವರ್ಷಾ ವರ್ಷಾ ಕಾಣ್ತದಲ್ಲ, ಅದೇ." ಆಮೇಲೆ ನನ್ನ ಕಡೆ ತಿರುಗಿ, "ಮದುಮಗಳು ಏನ್ ಉಟ್ಟಿದ್ಲ್ರಿ?"

ನಾನು ಸ್ಟೇಷನ್ನಿನಲ್ಲಿ ಕೊಂಡಿದ್ದ ಪತ್ರಿಕೆ ಬಿಚ್ಚಿದೆ. ಚಿತ್ರವಿತ್ತು, ಸೊಂಟದವರೆಗೆ. ಕಾಕಾ ಬಹಳ ಹೊತ್ತು ನೋಡಿ ಹಿಂದಿರುಗಿಸಿದರು. "ಕಾಲೇ ಇಲ್ಲಲ್ರಿ. ಯಾರಂತ ಗುರ್ತು ಹಿಡೀಲಿ?"

ಮುಂದಿನ ವರ್ಷದ ಶೋ ಬರುವ ಮೊದಲೇ ಆ ಕೆಮ್ಮು ಅವರನ್ನು ಕರೆದೊಯ್ದಿತು. ಆ ಬೇರು ಎಷ್ಟೋ ದಿನ ನನ್ನ ಕೋಟಿನ ಜೇಬಿನಲ್ಲಿತ್ತು… ಈಗ ಕೋಟೂ ಇಲ್ಲ.

ಬಚ್ಚಲಿನಲ್ಲಿ ಸಿಕ್ಕಿಬಿದ್ದ ಹೊತ್ತಿನಲ್ಲಿ ನಾನೂ ತಂಬಿಗೆಯ ಅಂಚಿನಿಂದ ಒಂದೊಂದೇ ಫರಸಿಯನ್ನು ಬಡಿದು, ತಲೆ ಓರೆ ಮಾಡಿ ಕೇಳಿದೆ. ಮೂಲೆಯ ಕಲ್ಲು ನೆಗಡಿಯಾದಂತೆ ನುಡಿಯಿತು. ಕಡೆಗೆ ಸೊಸೆ ಬಾಗಿಲು ತೆಗೆಸಿದಳು. ಮರುದಿನ ಮೇಸ್ತ್ರಿಯನ್ನು ಕರೆಸಿ, ಆ ಕಲ್ಲಿನಲ್ಲಿ ಬಿರುಕಿದೆಯೆಂದು ಗಂಭೀರವಾಗಿ ತಿಳಿಸಿದೆ. ಅವನು ಎಬ್ಬಿಸಿ, ತಿರುಗಿಸಿ, ತೊಳೆದು ತೋರಿಸಿದ.

ಕಲ್ಲು ಗಟ್ಟಿಯಾಗಿತ್ತು.