ನೆಲಮಾಳಿಗೆಗೆ ಬಂದ ಗಂಗೆ

ಕಡೂರಿನಲ್ಲಿ ಮನೆ ಕಟ್ಟಿಸುವಾಗ ನಾವು ನೆಲಮಾಳಿಗೆ ತೋಡಿಸಿದೆವು. ಬೋರು ಎಷ್ಟು ಕೊರೆಸಿದರೂ ಬರೀ ದೂಳು ಏಳುತ್ತಿದ್ದ ಕಾಲ ಅದು. ನೆಲದಡಿಯಿಂದ ನೀರು ಏರಿ ಬರುತ್ತದೆಂದು ಯಾರಾದರೂ ಹೇಳಿದ್ದರೆ ಕಾಫಿ ಕೊಟ್ಟು ಕಳಿಸಿ ಆಮೇಲೆ ನಗುತ್ತಿದ್ದೆವು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವುದು ನನ್ನ ಕಸುಬು. ಯಂತ್ರಗಳೆಲ್ಲ ಆ ನೆಲಮಾಳಿಗೆಯಲ್ಲಿದ್ದವು. ಮೇಲಿನ ಕೋಣೆಗಳಲ್ಲಿ ನಾವೇ ಒಬ್ಬರನ್ನೊಬ್ಬರು ಎಡವಿಕೊಂಡು ಓಡಾಡುತ್ತಿದ್ದೆವು.

ಆಮೇಲೆ ಕೆರೆಗೆ ನಾಲೆಯ ನೀರು ಬಿಟ್ಟರು, ಮಳೆಯೂ ಚೆನ್ನಾಗಿ ಹಿಡಿಯಿತು. ಬತ್ತಿದ ಬಾವಿಗಳಲ್ಲಿ ನೀರು ಕಂಡು ಊರೆಲ್ಲ ಹಿಗ್ಗಿತು. ನಮ್ಮ ನೆಲಮಾಳಿಗೆಯ ಮೂಲೆಯಲ್ಲೂ ಒಸರತೊಡಗಿತು. ಊರಿಗೆ ಉಪಕಾರಿ, ಮನೆಗೆ ಮಾರಿ.

ಮೋಟರ್ ಇಡಿಸಿ ಚರಂಡಿಗೆ ಪೈಪ್ ಬಿಟ್ಟೆ.

"ಕೆರೆ ಇಳಿಯೋಗಂಟ ಎತ್ತುತಾನೇ ಇರಿ ಕಣಮ್ಮ, ನಿಲ್ಲಿಸಬ್ಯಾಡಿ" ಎಂದ ಮೇಸ್ತ್ರಿ.

ನಿಲ್ಲಿಸಿದವರು ನನ್ನ ಅತ್ತೆ. ಬರದ ಸೀಮೆ ಯಗಟಿ ಕಡೆಯವರು, ಬಿಂದಿಗೆ ಹೊತ್ತೇ ನೆತ್ತಿ ಸವೆಸಿದವರು. ನಾನು ಆಚೆ ಹೋದರೆ ಸಾಕು, ಸ್ವಿಚ್ ಆರಿಸಿ, ನೀರು ಒಸರುವ ಮೂಲೆಗೆ ಅರಿಸಿನ ಕುಂಕುಮ ಇಟ್ಟು, ಹೂವೇರಿಸಿ ಕೂತಿರುತ್ತಿದ್ದರು.

"ಗಂಗಮ್ಮ ತಾನಾಗಿ ಬಂದವ್ಳೆ. ಚರಂಡಿಗೆ ತಳ್ತೀಯೇನೇ?"

"ಅತ್ತೆ, ಮಿಷಿನ್ ಹಾಳಾದ್ರೆ ಊಟಕ್ಕೇನ್ ಮಾಡೋಣ?"

"ನೀರಿದ್ರೆ ಊಟ ಹುಟ್ತದೆ ಕಣೇ."

ಮನೆಯ ಡ್ರಮ್ಮು, ಕೊಡ, ಕೊನೆಗೆ ಅಟ್ಟದ ಮೇಲಿದ್ದ ಕೊಪ್ಪರಿಗೆಯನ್ನೂ ಇಳಿಸಿ ತುಂಬಿಸಿದರು. ಬಂದು ಹಿಡಿದುಕೊಂಡು ಹೋಗಿ ಎಂದು ನೆರೆಯವರನ್ನು ಕರೆದರು. ಅವರ ಮನೆಯ ಸಂಪಿನ ಗತಿಯೂ ಅದೇ ಆಗಿತ್ತು, ಯಾರೂ ಬರಲಿಲ್ಲ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಪೂಜೆ ಮಾಡಿಸಿಕೊಂಡ ನೀರಿಗೆ ಬೈಯುವ ಹಾಗಿರಲಿಲ್ಲ, ಅತ್ತೆಗೇ ಬೈದೆ.

ಒಂದು ಮಧ್ಯಾಹ್ನ ತರೀಕೆರೆಯ ಶಾಲೆಗೆ ಬಟ್ಟೆ ತಲುಪಿಸಿ ಬಂದಾಗ ಮೋಟರ್ ಓಡುತ್ತಿತ್ತು. ಬೆಳಿಗ್ಗೆ ನಾನು ಹೋದ ಮೇಲೆ ಅತ್ತೆ ಎಂದಿನಂತೆ ಅದನ್ನು ಆರಿಸಿದ್ದರು. ಆಗ ನೀರು ಏರಿ ಯಂತ್ರಗಳ ಪೆಡಲ್ ಮುಳುಗಿಸಿ, ಕತ್ತರಿಸಿಟ್ಟ ಬಟ್ಟೆಯನ್ನು ತೇಲಿಸಿತ್ತು. ಬಟ್ಟೆಯೆಲ್ಲ ಈಗ ಮೆಟ್ಟಿಲ ಮೇಲೆ ರಾಶಿ ಬಿದ್ದಿತ್ತು. ಅತ್ತೆ ಮೊಣಕಾಲಿನವರೆಗೆ ನೆನೆದ ಸೀರೆಯಲ್ಲಿ, ಚರಂಡಿಗೆ ಬೆನ್ನು ಹಾಕಿ ಬೀದಿಯಲ್ಲಿ ನಿಂತಿದ್ದರು.

"ಮೋಟರ್ ನೀವೇ ಹಾಕಿದ್ರಾ?"

"ಹೂಂ. ಇನ್ಮೇಲೆ ನೀನೇ ನೋಡ್ಕೋ. ನನ್ ಕೈಲಾಗಲ್ಲ ಕಣೇ."

ಅಷ್ಟು ಹೇಳಿ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡರು. ಹಿಂದೆ ಚರಂಡಿಯಲ್ಲಿ ನೀರು ಸದ್ದು ಮಾಡುತ್ತಾ ಹೋಗುತ್ತಿತ್ತು.