ಜೀಪು ನೋಡುವ ಓಬಳಯ್ಯ

ಚೇತನ್ ಕುಮಾರ್ ಓಬಳಯ್ಯನನ್ನು ಮೊದಲು ಕಂಡದ್ದು ಮಧುಗಿರಿ ಬಸ್ ನಿಲ್ದಾಣದ ಎದುರಿನ ಟೀ ಹೋಟೆಲಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ. ಗೋಡೆ ಪಕ್ಕದ ಬೆಂಚಿನ ಮೇಲೆ ಓಬಳಯ್ಯ ನೆಟ್ಟಗೆ ಕುಳಿತಿದ್ದ. ನೀಲಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಮಡಿಸಿದ ಟವೆಲ್, ಮೊಣಕಾಲಿಗೆ ಒರಗಿಸಿದ ಕರಿ ಕೊಡೆ. ಟೀ ಕುಡಿಯುವಾಗ ಸಾಸರನ್ನು ಬಾಯಿಯವರೆಗೆ ಎತ್ತಿದನೇ ಹೊರತು ಬಾಯಿಯನ್ನು ಸಾಸರಿನ ಕಡೆಗೆ ಒಂದು ಅಂಗುಲವೂ ಇಳಿಸಲಿಲ್ಲ. ಬೆಂಚಿನಡಿಗೆ ಜಾರಿದ ಎಡಗಾಲಿನ ಮೆಟ್ಟನ್ನು ಕೊಡೆಯ ಕೊಕ್ಕೆಯಿಂದ ಎಳೆದುಕೊಂಡ. ಇದನ್ನೆಲ್ಲ ಚೇತನ್ ಗೌರವದಿಂದ ನೋಡಿದ. ಅನುಮಾನದಿಂದ ನೋಡಬೇಕಿತ್ತು.

ಓಬಳಯ್ಯ ಮೂವತ್ತು ವರ್ಷ ದನದ ದಲ್ಲಾಳಿ. ಶಿರಾ, ಮಧುಗಿರಿ, ಕೊರಟಗೆರೆ ಸೀಮೆಯಲ್ಲಿ ಅವನು ಹಲ್ಲು ಹಿಡಿದು ನೋಡದ ಎತ್ತಿಲ್ಲ ಎನ್ನುತ್ತಿದ್ದರು. ಟ್ರ್ಯಾಕ್ಟರುಗಳು ಬಂದು ಎತ್ತುಗಳು ಕಡಿಮೆಯಾದ ಮೇಲೆ ಹಳೆ ಜೀಪುಗಳ ದಲ್ಲಾಳಿಯಾದ. ಪ್ರಾಣಿ ಬದಲಾಯಿತು, ವಿದ್ಯೆ ಬದಲಾಗಲಿಲ್ಲ.

ಜೀಪು ನೋಡಿಕೊಡಿ ಎಂದು ಬಂದಿದ್ದ ಚೇತನ್‌ನನ್ನು "ಏನ್ಲಾ ಓದಿರೋದು?" ಎಂದು ಕೇಳಿದ.

"ಬಿ.ಕಾಂ., ಯಜಮಾನ್ರೇ."

"ಅಂಗಾರೆ ಗಾಡಿ ನೋಡಕ್ಕೆ ನಾನು ಬೇಕೇ ಬೇಕು ಬುಡು."

ಚೇತನ್ ತೋವಿನಕೆರೆಯವನು, ಮನೆತನದಲ್ಲಿ ಮೊದಲ ಪದವೀಧರ. ಪಾವಗಡದ ರಾಯಚರ್ಲು ಕಡೆ ಸೋಲಾರ್ ಫಲಕಗಳ ದುರಸ್ತಿಗೆ ಹೋಗುವ ಕೆಲಸಗಾರರನ್ನು ಸಾಗಿಸುವ ಗುತ್ತಿಗೆ ಅವನ ಕೈಗೆ ಬರುವುದರಲ್ಲಿತ್ತು. ಷರತ್ತು ಒಂದೇ: ಗಾಡಿಯ ನಾಲ್ಕೂ ಚಕ್ರ ಎಳೆಯಬೇಕು. ಮಳೆ ಬಿದ್ದರೆ ಅಲ್ಲಿನ ಕರಿಮಣ್ಣು ಎರಡೇ ಚಕ್ರ ಎಳೆಯುವ ಗಾಡಿಯನ್ನು ನುಂಗಿ ಕೂರುತ್ತದೆ. ಗುರುವಾರ ಪರೀಕ್ಷೆ. ಗೆದ್ದರೆ ಮೂರು ವರ್ಷ ಕೆಲಸ, ಸೋತರೆ ಸರತಿಯಲ್ಲಿದ್ದ ಇನ್ನೊಬ್ಬನಿಗೆ. ಚೇತನ್ ವಾರವಿಡೀ ಫೋನಿನಲ್ಲಿ ವಿಡಿಯೋ ನೋಡಿ, ಹಳೆ ಡೀಸೆಲ್ ಗಾಡಿ ಕೊಳ್ಳುವಾಗ ನೋಡಬೇಕಾದ ಹದಿನೆಂಟು ಅಂಶಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ, ಪರೀಕ್ಷೆಗೆ ಓದುವವನಂತೆ ಕೆಂಪು ಗೆರೆ ಎಳೆದು.

ಜೀಪು ಇದ್ದದ್ದು ಕೊಳಾಲದ ಹುಣಸೆಹಣ್ಣಿನ ವ್ಯಾಪಾರಿ ಪ್ರಸನ್ನಕುಮಾರನ ಅಂಗಳದಲ್ಲಿ. ಮರದ ನೆರಳಲ್ಲಿ, ಹೂವಿನ ಹಾರ ಹಾಕಿಕೊಂಡು, ಮದುವೆ ಗಂಡಿನಂತೆ ನಿಂತಿತ್ತು. ಓಬಳಯ್ಯನ ಕಣ್ಣು ಮೊದಲು ಹೋದದ್ದು ಪಕ್ಕದ ಎಮ್ಮೆಯ ಮೇಲೆ.

"ಎಮ್ಮೆ ಪರವಾಗಿಲ್ಲ. ಗೂಟ ಮಾತ್ರ ಭಾರಿ ಗೂಟ ಸ್ವಾಮಿ! ಕಬ್ಬಿಣದ್ದು, ಮ್ಯಾಲೆ ಬಿಲ್ಲೆ ಬ್ಯಾರೆ. ಆನೆ ಕಟ್ಟಬೌದು."

ಪ್ರಸನ್ನಕುಮಾರ ಹುಣಸೆ ಮೂಟೆ ಎಣಿಸತೊಡಗಿದ.

ಚೇತನ್ ನೋಟ್‌ಬುಕ್ ತೆರೆದ. ಮೊದಲ ಅಂಶ: ದೋಷ ಮುಚ್ಚಿಹೋಗದಂತೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ಬಾನೆಟ್ ಮುಟ್ಟಿದ. ಆಗ ತಾನೆ ಇಳಿಸಿದ ಹೆಂಚಿನಂತೆ ಸುಡುತ್ತಿತ್ತು.

"ಬಿಸಿಲು," ಎಂದ ಪ್ರಸನ್ನಕುಮಾರ.

ಚೇತನ್ ತಲೆಯ ಮೇಲಿನ ಮರವನ್ನು ನೋಡಿದ, ಓಬಳಯ್ಯನನ್ನು ನೋಡಿದ. "ಯಜಮಾನ್ರೇ, ನೆರಳಲ್ಲೇ ಅಲ್ವಾ ನಿಂತಿರೋದು?"

"ಮೈ ಬೆಚ್ಚಗಿದ್ರೆ ಜೀವ ಐತೆ ಅಂತ ಕಣ್ಲಾ. ತಣ್ಣಗಿರೋದನ್ನ ಯಾವನಾರ ತಗೋತಾನಾ?"

ಸ್ಟಾರ್ಟ್ ಮಾಡಿದಾಗ ಕಪ್ಪು ಹೊಗೆ ಬಂತು. "ಚೆನ್ನಾಗಿ ಮೇಯ್ತದೆ. ಮೇಯೋ ಎತ್ತೇ ದುಡಿಯೋದು," ಎಂದ ಓಬಳಯ್ಯ. ಕಾಗದಪತ್ರದ ವಿಷಯದಲ್ಲಿ ಮಾತ್ರ ಚೇತನ್ ಗಟ್ಟಿಗ. ಆರ್‌ಸಿಯ ನಂಬರನ್ನು ಬಾನೆಟ್ಟಿನೊಳಗಿನ ತಗಡಿನ ನಂಬರಿನೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿದ. ಸಾಲದ ನಮೂದು ಇಲ್ಲವೆಂದು ಖಚಿತಪಡಿಸಿಕೊಂಡ. ವಿಮೆ, ಎಫ್‌ಸಿಯ ತಾರೀಕು ನೋಡಿದ. ಕಾಗದದ ಮೇಲಿದ್ದದ್ದೆಲ್ಲ ಸರಿಯಾಗಿತ್ತು. ಜೀಪು ಕಾಗದದ ಮೇಲೆ ಓಡುವುದಿಲ್ಲ ಎಂಬುದಷ್ಟೇ ತೊಂದರೆ.

ಹದಿನೇಳನೆಯದು: ಗೇರಿನ ಪಕ್ಕದ ಗಿಡ್ಡ ಲಿವರ್ ಎಳೆದು ಮುಂದಿನ ಚಕ್ರಗಳೂ ಎಳೆಯುತ್ತವೆಯೇ ನೋಡಬೇಕು. ಆ ಲಿವರಿಗೆ ಅರಿಶಿನದ ಬಟ್ಟೆ, ಕರಿ ದಾರ, ನಿಂಬೆಹಣ್ಣು ಕಟ್ಟಿತ್ತು.

"ಗುಡಿ ಪೂಜಾರಿ ಪರ್ವತಯ್ಯನೋರು ಮಂತ್ರಿಸಿ ಕಟ್ಟಿದ್ದು," ಎಂದ ಪ್ರಸನ್ನಕುಮಾರ. "ಬರೋ ಆಯುಧಪೂಜೆಗೇ ಬಿಚ್ಚಬೇಕು. ಆಮೇಲೆ ನಿಮ್ಮಿಷ್ಟ."

ಚೇತನ್ ಕೈ ಹಿಂದಕ್ಕೆ ಎಳೆದುಕೊಂಡ. ಪದವಿ ಬಂದಿತ್ತು, ನಿಂಬೆಹಣ್ಣು ಬಿಚ್ಚುವ ಧೈರ್ಯ ಬಂದಿರಲಿಲ್ಲ.

ಹದಿನೆಂಟನೆಯದು: ಗಾಡಿಯ ಅಡಿಗೆ ಮಲಗಿ ನೋಡಬೇಕು. ಅವನು ಹಾಕಿಕೊಂಡಿದ್ದದ್ದು ಕಾಲೇಜಿನ ಕೊನೆಯ ದಿನಕ್ಕೆಂದು ಹೊಲಿಸಿದ್ದ ಪ್ಯಾಂಟು. ಹೊರಡುವಾಗ ತಾಯಿ ಲಕ್ಕಮ್ಮ ಹೇಳಿದ್ದಳು: "ಶುಭಕಾರ್ಯಕ್ಕೆ ಹೋಯ್ತಿದೀಯ, ಗಲೀಜು ಮಾಡ್ಕೊಂಡು ಬಂದೀಯ, ಉಸಾರು!" ಅವನು ಓಬಳಯ್ಯನ ಮುಖ ನೋಡಿದ.

"ಮೂವತ್ತು ವರ್ಸದಲ್ಲಿ ಒಂದು ದಿನಾನೂ ನಾನು ಎತ್ತಿನ ಕೆಳಗೆ ಬಗ್ಗಿಲ್ಲ ಕಣ್ಲಾ. ಬಗ್ಗಿದೋನ್ಗೆ ಒದೆ ಗ್ಯಾರಂಟಿ," ಎಂದ ಓಬಳಯ್ಯ. ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೈರಿಗೆ ಕೊಡೆಯಿಂದ ಎರಡೇಟು ಬಡಿದು, ತೀರ್ಪು ಕೊಟ್ಟ: "ಆರು ಹಲ್ಲು, ಒಳ್ಳೆ ಪ್ರಾಯ! ಒಂದೂ ಸುಳಿ ಕೆಟ್ಟದ್ದಿಲ್ಲ. ತಗಾ."

ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಓಬಳಯ್ಯನೂ ಪ್ರಸನ್ನಕುಮಾರನೂ ಬೆಲೆ ಮುಗಿಸಿದರು. ಚೇತನ್ ಹದಿನೆಂಟನೆಯ ಸಾಲಿಗೂ ಸರಿ ಗುರುತು ಹಾಕಿದ. ಓದಿದ ಹುಡುಗರು ಯಾವ ಸಾಲನ್ನೂ ಖಾಲಿ ಬಿಡುವುದಿಲ್ಲ.

ಗುರುವಾರದ ಹಿಂದಿನ ದಿನ ರಾಯಚರ್ಲಿನಲ್ಲಿ ಒಳ್ಳೆಯ ಮಳೆಯಾಗಿತ್ತು. ತನ್ನ ಆಯ್ಕೆ ಗೆಲ್ಲುವುದನ್ನು ನಾಲ್ಕು ಜನ ನೋಡಲಿ ಎಂದು ಓಬಳಯ್ಯನೂ ಮುಂದಿನ ಸೀಟಿನಲ್ಲಿ ಬಂದಿದ್ದ. ಪರೀಕ್ಷೆ ಮಾಡುವ ಎಂಜಿನಿಯರ್ ವನಜಾಕ್ಷಿ ಎಂಬ ಹೆಣ್ಣುಮಗಳು. ಫಲಕಗಳ ಸಾಲಿನ ನಡುವಿನ ಕೆಸರು ದಾರಿ ತೋರಿಸಿದಳು. ಜೀಪು ಹತ್ತು ಮಾರು ಹೋಗಿ ಕುಳಿತುಬಿಟ್ಟಿತು.

"ಫೋರ್ ವೀಲ್ ಹಾಕ್ರಿ," ಎಂದು ಕೂಗಿದಳು ವನಜಾಕ್ಷಿ.

"ಮೇಡಮ್, ಅದು... ಆಯುಧಪೂಜೆಗೆ ಬಿಚ್ಚಬೇಕು."

"ಏನು?"

ಚೇತನ್ ಕಣ್ಣು ಮುಚ್ಚಿ ದೇವರಿಗೆ ತಪ್ಪೊಪ್ಪಿಕೊಂಡು ದಾರ ಬಿಚ್ಚಿದ. ಲಿವರ್ ಮಜ್ಜಿಗೆಯಲ್ಲಿ ಕಡಗೋಲು ಆಡಿದಷ್ಟು ಸಲೀಸಾಗಿ ಆಡಿತು. ಹಿಂದಿನ ಚಕ್ರಗಳು ಕೆಸರು ಎರಚಿದವು, ಮುಂದಿನವು ಅಲುಗಲೇ ಇಲ್ಲ. ಕಾವಲುಗಾರ ನಕ್ಕ: "ನಾಲುಗು ಎದ್ದುಲು ಅನ್ನಾರು, ಲಾಗೇವಿ ರೆಂಡೇ ಕದಾ!" ನಾಲ್ಕು ಎತ್ತು ಎಂದಿರಿ, ಎಳೆಯುವುದು ಎರಡೇ ಅಲ್ಲವೇ ಎಂಬ ಆ ತೆಲುಗು ಓಬಳಯ್ಯನಿಗೆ ಚೆನ್ನಾಗಿಯೇ ಅರ್ಥವಾಯಿತು.

ವನಜಾಕ್ಷಿ ಕೆಸರಿನಲ್ಲಿ ಮಂಡಿಯೂರಿ, ಕೈಯೂರಿ, ಗಾಡಿಯ ಅಡಿ ನೋಡಿದಳು. ಒಂದು ನಿಮಿಷವೂ ಹಿಡಿಯಲಿಲ್ಲ.

"ಮುಂದಿನ ಚಕ್ರಕ್ಕೆ ಹೋಗೋ ಶಾಫ್ಟೇ ಇಲ್ವಲ್ರೀ! ಬಗ್ಗಿ ನೋಡಲಿಲ್ವಾ ಯಾರೂ?"

"ಅದು ಹೆಂಗಿರ್ತದೆ ತಾಯಿ?" ಓಬಳಯ್ಯ ಮೆಲ್ಲಗೆ ಕೇಳಿದ.

"ಇಷ್ಟುದ್ದ ಕಬ್ಬಿಣದ ಕೊಳವೆ. ತುದಿಗೆ ಅಂಗೈಯಗಲದ ಬಿಲ್ಲೆ, ಅದರಲ್ಲಿ ನಾಲ್ಕು ತೂತು."

ಓಬಳಯ್ಯ ತನ್ನ ಅಂಗೈ ಅಗಲಿಸಿ ನೋಡಿಕೊಂಡ. "ತೂತಿಗೆ ಎಮ್ಮೆ ಹಗ್ಗ ಪೋಣಿಸಬೌದಾ?"

ವನಜಾಕ್ಷಿ ಶನಿವಾರ ಬೆಳಿಗ್ಗೆಯವರೆಗೆ ಸಮಯ ಕೊಟ್ಟಳು. ಹತ್ತು ಗಂಟೆ ದಾಟಿದರೆ ಗುತ್ತಿಗೆ ಇನ್ನೊಬ್ಬನಿಗೆ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಕೊಳಾಲದ ಅಂಗಳದಲ್ಲಿದ್ದರು. ಪ್ರಸನ್ನಕುಮಾರ ಸ್ವಲ್ಪವೂ ನಾಚಲಿಲ್ಲ.

"ಮೈಲೇಜ್ ಬರಲಿ ಅಂತ ಶಾಫ್ಟ್ ಬಿಚ್ಚಿಸಿದ್ದೆ. ನಾನೇನು ಬಚ್ಚಿಟ್ಟಿದ್ನಾ? ನಿಮ್ಮ ಎದುರಿಗೇ ಇತ್ತು. ನೀವೇ ಹೊಗಳಿದ್ರಿ."

"ಗೂಟ ಕೊಡಿ ಸ್ವಾಮಿ."

"ಎಮ್ಮೆ ಎಲ್ಲಿ ಕಟ್ಲಿ?"

"ನನ್ಗೇ ಕಟ್ರಿ! ಮೂವತ್ತು ವರ್ಸದ ಹೆಸ್ರು ಗೊಬ್ಬರದ ಗುಂಡಿಗೆ ಹೋಯ್ತು. ಈ ಹುಡುಗನ ಅನ್ನ ಹೋಗೋದು ಬ್ಯಾಡ."

ಹೀಗೆಂದವನೇ ಓಬಳಯ್ಯ ಕೊಡೆ ಕೆಳಗಿಟ್ಟ, ಪಂಚೆ ಎತ್ತಿ ಕಟ್ಟಿದ, ಬಗ್ಗಿದ. ಗಂಜಲದಲ್ಲಿ ನೆನೆದ ನೆಲವನ್ನು ಎರಡೂ ಕೈಯಲ್ಲಿ ಕೆದಕಿದ. ಚೇತನ್ ತನ್ನ ಪ್ಯಾಂಟಿನ ಕಡೆ ಒಮ್ಮೆ ನೋಡಿ, ಅವನ ಪಕ್ಕದಲ್ಲಿ ಮಂಡಿಯೂರಿದ. ಎಮ್ಮೆ ಇಬ್ಬರನ್ನೂ ನೋಡುತ್ತ ಮೆಲುಕು ಹಾಕಿತು. ಒದೆಯಲಿಲ್ಲ.

ಕೊರಟಗೆರೆಯ ಮೆಕ್ಯಾನಿಕ್ ಚಿಕ್ಕನರಸಯ್ಯ ಮಣ್ಣು ತಿಂದಿದ್ದ ಕೀಲುಗಳನ್ನು ಬದಲಿಸಿ ಶಾಫ್ಟನ್ನು ಅದರ ಜಾಗಕ್ಕೆ ಕೂರಿಸುವಷ್ಟರಲ್ಲಿ ಸಂಜೆಯಾಯಿತು. ಅಷ್ಟು ಹೊತ್ತೂ ಓಬಳಯ್ಯ ಅವನ ಪಕ್ಕದಲ್ಲಿ, ಜೀಪಿನ ಅಡಿ, ಅಂಗಾತ ಮಲಗಿದ್ದ.

"ಇದೇನಪ್ಪಾ, ಕರುಳಾ?"

"ಬ್ರೇಕ್ ಪೈಪು. ಕೈ ತೆಗಿ ಯಜಮಾನ."

"ಈ ಜಿಡ್ಡು?"

"ಗೇರ್‌ಬಾಕ್ಸಿಂದ ಆಯಿಲ್ ಸೋರ್ತೈತೆ. ಸೀಲ್ ಹೋಗೈತೆ."

"ಅಯ್ಯೋ ಶಿವನೇ, ಇಷ್ಟೆಲ್ಲ ಕೆಳಗೇ ಇಟ್ಟವ್ರಲ್ಲಪ್ಪ!"

ಶನಿವಾರ ಒಂಬತ್ತೂವರೆಗೆ ರಾಯಚರ್ಲಿನ ಅದೇ ಕೆಸರಿನಲ್ಲಿ ಚೇತನ್ ಗಿಡ್ಡ ಲಿವರ್ ಎಳೆದ. ಈ ಸಲ ಅದು ಗಟ್ಟಿಯಾಗಿ ಕಚ್ಚಿತು. ಮುಂದಿನ ಚಕ್ರಗಳು ಮಣ್ಣು ಬಗೆದವು, ಜೀಪು ನರಳುತ್ತ ಆಚೆ ದಡ ಹತ್ತಿತು. ವನಜಾಕ್ಷಿ ಮತ್ತೊಮ್ಮೆ ಮಂಡಿಯೂರಿ ನೋಡಿ, ಎದ್ದು ಕೈ ಒರೆಸಿಕೊಂಡು ಸಹಿ ಹಾಕಿದಳು. ಪರ್ವತಯ್ಯನವರ ನಿಂಬೆಹಣ್ಣನ್ನು ಚೇತನ್ ಕನ್ನಡಿಗೆ ಕಟ್ಟಿದ. ಅಲ್ಲಿ ಅದು ಯಾರಿಗೂ ಅಡ್ಡವಿರಲಿಲ್ಲ.

ಓಬಳಯ್ಯ ಈಗಲೂ ಮಧುಗಿರಿಯಲ್ಲಿ ಹಳೆ ಗಾಡಿ ನೋಡಿಕೊಡುತ್ತಾನೆ. ಬಾನೆಟ್ ಬಿಸಿಯಿದ್ದರೆ ತಣ್ಣಗಾಗುವವರೆಗೆ ಕಾಯುತ್ತಾನೆ, ಆಮೇಲೆ ಖಾಕಿ ಚಡ್ಡಿ ಹಾಕಿಕೊಂಡು, ಗೋಣಿಚೀಲ ಹಾಸಿ, ಗಾಡಿಯ ಅಡಿಗೆ ಮಲಗುತ್ತಾನೆ.