ಎಣ್ಣೆಯಕ್ಕನ ಮೂಗು

ಬಿಸ್ಕತ್ತು ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಎಣ್ಣೆಯಕ್ಕ ಎಂದು. ಯಂತ್ರಗಳಿಗೆ ಎಣ್ಣೆ, ಗ್ರೀಸು ಹಾಕುವುದು ಅವಳ ಕೆಲಸ. ಅವಳನ್ನು ಹತ್ತಿರದಿಂದ ಬಲ್ಲವರನ್ನು ಕೇಳಿದರೆ ಮೂಗಿನಕ್ಕ ಎಂದೇ ಹೆಸರಿಡಬೇಕಿತ್ತು ಅನ್ನುತ್ತಾರೆ. ಹಾಲು ಬಂದರೆ ಮೂಸುತ್ತಾಳೆ, ಒಗೆದ ಬಟ್ಟೆ ಬಂದರೆ ಮೂಸುತ್ತಾಳೆ. ಯಾರಾದರೂ ಪ್ರೀತಿಯಿಂದ ಒಂದು ಹಣ್ಣು ಕೊಟ್ಟರೆ ಅವರ ಮುಖವನ್ನೊಮ್ಮೆ ನೋಡಿ, ಹಣ್ಣನ್ನೊಮ್ಮೆ ಮೂಸಿ, ಮತ್ತೆ ಅವರ ಮುಖ ನೋಡುತ್ತಾಳೆ. “ಮದುವೆ ದಿನ ನನ್ನನ್ನೂ ಮೂಸಿ ನೋಡೇ ಒಪ್ಕೊಂಡಿದ್ದು” ಎಂದು ಅವಳ ಗಂಡ ಬಂದವರ ಮುಂದೆಲ್ಲ ನಗೆಯಾಡುತ್ತಾನೆ. ಅವಳು ನಗುವುದಿಲ್ಲ. ಸಿಗರೇಟು ಮುಟ್ಟುವವನೇ ಅಲ್ಲ ಎಂದು ಹೇಳಿ ಮದುವೆ ಮಾಡಿಸಿದ್ದರು, ಅವನ ಅಂಗಿ ಬೇರೆಯೇ ಕಥೆ ಹೇಳಿತ್ತು.

ಮನೆಯಲ್ಲಿ ರೋಗವಾಗಿದ್ದ ಈ ಗುಣ ಕಾರ್ಖಾನೆಯಲ್ಲಿ ಯೋಗ್ಯತೆಯಾಯಿತು. ಹಿಟ್ಟು ಕಲಸುವ ಕೋಣೆಯಲ್ಲಿ ಒಬ್ಬ ಮನುಷ್ಯ ಆರಾಮಾಗಿ ಕೂರಬಹುದಾದಂಥ ಉಕ್ಕಿನ ಕೊಪ್ಪರಿಗೆಯಿದೆ. ಅದರೊಳಗೆ ತಿರುಗುವ ದಪ್ಪ ದಂಡ, ಆ ದಂಡವನ್ನು ಹಿಡಿದಿಡುವ ಬೇರಿಂಗು, ಬೇರಿಂಗಿಗೆ ಗ್ರೀಸು. ಗ್ರೀಸಿಲ್ಲದಿದ್ದರೆ ಯಂತ್ರ ಕಿರುಚಿಕೊಂಡು ಸಾಯುತ್ತದೆ. ಇದ್ದರೆ ಯಾವತ್ತೋ ಒಂದು ಹನಿ ಹಿಟ್ಟಿಗೆ ಬೀಳಬಹುದು. ಅದಕ್ಕೇ ಒಳಗಿನ ಯಂತ್ರಗಳಿಗೆಲ್ಲ ಫುಡ್‌ಗ್ರೇಡ್ ಗ್ರೀಸು. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಕೈತಪ್ಪಿ ಒಂದು ಕಣ ತಿನಿಸಿಗೆ ಸೇರಿದರೂ ತಿಂದವರ ಹೊಟ್ಟೆಗೆ ಕೇಡಿಲ್ಲ. ತಳ್ಳುಗಾಡಿ, ಗೇಟು, ಹೊರಗಿನ ಮೋಟಾರುಗಳಿಗೆ ಮಾತ್ರ ಮಾಮೂಲಿ ಕಪ್ಪು ಗ್ರೀಸು, ಅದರ ಡಬ್ಬ ತೆರೆದರೆ ಗ್ಯಾರೇಜಿನ ನಾತ ಮೂಗಿಗೆ ಹೊಡೆಯುತ್ತದೆ. ಗ್ರೀಸನ್ನು ಒತ್ತಿ ತುಂಬುವ ಪಿಚಕಾರಿಗೆ ಗನ್ನು ಎನ್ನುತ್ತಾರೆ, ಒಳಗಿನದಕ್ಕೆ ಬಿಳಿ ಗನ್ನು, ಹೊರಗಿನದಕ್ಕೆ ಕೆಂಪು ಗನ್ನು. ಕೆಂಪು ಗನ್ನು ಬಾಗಿಲ ಗೆರೆ ದಾಟಿ ಒಳಗೆ ಬಂದರೆ, ತಂದವರು ಕೆಲಸದಿಂದ ಹೊರಗೆ. ಇದರಲ್ಲಿ ದಾಕ್ಷಿಣ್ಯವಿಲ್ಲ.

ಎಣ್ಣೆಯಕ್ಕನಿಗೆ ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಹೇಳಿದ್ದ, “ನೋಡಮ್ಮಾ, ಬೆಳ್ಳಗಿರೋದೆಲ್ಲಾ ಹಾಲಲ್ಲ. ಡಬ್ಬದ ಮೇಲೆ ಏನು ಬರೆದಿದ್ರೂ ಮೂಸಿ ನೋಡು.” ಅವಳಿಗೆ ಜೀವನದಲ್ಲಿ ಮೊದಲ ಬಾರಿಗೆ ಒಬ್ಬ ಬುದ್ಧಿವಂತ ಸಿಕ್ಕಿದ ಹಾಗಾಯಿತು. ಅಂದಿನಿಂದ ಅವಳ ಮೂಗಿನ ಪರೀಕ್ಷೆಯಾಗದೆ ಒಂದು ಚಮಚ ಗ್ರೀಸೂ ಯಂತ್ರದೊಳಗೆ ಹೋದದ್ದಿಲ್ಲ.

ಬೆಳಗಿನ ಪಾಳಿ ಅವಳ ಓರಗಿತ್ತಿಯದು, ಮಧ್ಯಾಹ್ನದ ಪಾಳಿ ಎಣ್ಣೆಯಕ್ಕನದು. ಮೈದುನ ಮಾಳಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡು ಕಿಟಕಿಯ ಪಕ್ಕ ಮಂಚ ಹಿಡಿದಾಗ, ಓರಗಿತ್ತಿಯನ್ನು ಕರೆತಂದು ಕೆಲಸಕ್ಕೆ ಸೇರಿಸಿದ್ದು ಎಣ್ಣೆಯಕ್ಕನೇ. ಆ ಸಂಸಾರ ನಿಂತಿರುವುದು ಈ ಒಂದು ಕೆಲಸದ ಮೇಲೆ. ಹಾಗೆಂದು ಇಬ್ಬರೂ ಹಾಲು ಸಕ್ಕರೆ ಅಂದುಕೊಳ್ಳಬೇಡಿ. ಒಂದೇ ಗೋಡೆಯ ಆಚೆ ಈಚೆ ಮನೆ, ಅಂಗಳದಲ್ಲಿ ಒಂದೇ ನಲ್ಲಿ, ಅವರದು ಎಣ್ಣೆ ಸೀಗೇಕಾಯಿ ಸಂಬಂಧ. ಓರಗಿತ್ತಿ ನಗುಮುಖದವಳು. ಗೇಟಿನವನೊಡನೆ ನಗುತ್ತಾಳೆ, ಲ್ಯಾಬಿನ ಮೇಡಮ್ಮನೊಡನೆ ನಗುತ್ತಾಳೆ, ಕೊಟ್ಟದ್ದನ್ನು ಮೂಸದೆ ತಿನ್ನುತ್ತಾಳೆ. ಗಂಡ ಮಂಚದಲ್ಲಿರುವಾಗ ಇಷ್ಟು ನಗು ಎಲ್ಲಿಂದ ಬರುತ್ತದೆ ಎನ್ನುವುದು ಎಣ್ಣೆಯಕ್ಕನಿಗೆ ಬಗೆಹರಿಯದ ಪ್ರಶ್ನೆ. ನಗುವವರಿಗೆ ಮುಚ್ಚಿಡಲು ಏನೋ ಇರುತ್ತದೆ ಎಂದು ಅವಳ ಲೆಕ್ಕ.

ಹೀಗಿರುವಾಗ ಕಾರ್ಖಾನೆಗೆ ಹೊಸ ಗ್ರೀಸು ಬಂತು. ಹಳೆಯದು ಬೆಣ್ಣೆಯಂತೆ ಬೆಳ್ಳಗಿತ್ತು, ಇದಕ್ಕೆ ಒಂದಿಷ್ಟು ಹಳದಿ ಛಾಯೆ. ಎರಡೂ ಫುಡ್‌ಗ್ರೇಡೇ. ಸೂಪರ್‌ವೈಸರ್ ಪಾಳಿ ಬದಲಾಗುವ ಹೊತ್ತಿನಲ್ಲಿ ಎಲ್ಲರನ್ನೂ ನಿಲ್ಲಿಸಿ ವಿವರಿಸಿದ. ಹಳೆಯ ಗ್ರೀಸನ್ನು ಬೇರಿಂಗಿನಿಂದ ಪೂರ್ತಿ ಒರೆಸಿ ತೆಗೆಯಬೇಕು ಎನ್ನುವವರೆಗೆ ಎಣ್ಣೆಯಕ್ಕ ಕೇಳಿಸಿಕೊಂಡಳು. ಅಷ್ಟರಲ್ಲಿ ಓರಗಿತ್ತಿ ಸ್ಟೋರಿನವನ ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ಮಿಕ್ಕ ಮಾತೆಲ್ಲ ಎಣ್ಣೆಯಕ್ಕನ ಕಿವಿಯ ಪಕ್ಕದಿಂದ ಹಾದುಹೋಯಿತು. ಸ್ಟೋರಿನವನಿಗೂ ಇವಳಿಗೂ ಏನು ಗುಟ್ಟು? ಹೊಸ ಡಬ್ಬ ತಂದವನು ಅವನೇ ತಾನೆ?

ಹೊಸ ಡಬ್ಬವನ್ನು ಅವಳು ಮೂಸಿದಳು. ಏನೂ ವಾಸನೆಯಿಲ್ಲ. ವಾಸನೆ ಬಾರದ್ದೇ ಅವಳಿಗೆ ಇನ್ನೊಂದು ಅನುಮಾನವಾಯಿತು, ಇಷ್ಟು ಚೆನ್ನಾಗಿ ತೊಳೆದು ತಂದಿದ್ದಾರಲ್ಲ ಎಂದು! ಸ್ಟೋರಿಗೆ ವಾಪಸು ಹೋಗಬೇಕಾಗಿದ್ದ ಹಳೆಯ ಗ್ರೀಸಿನ ಒಂದು ಡಬ್ಬವನ್ನು ಅವಳು ಒರೆಸುವ ಬಟ್ಟೆಗಳ ಪೆಟ್ಟಿಗೆಯ ತಳದಲ್ಲಿ ಅಡಗಿಸಿಟ್ಟಳು. ಬೆಳಗಿನ ಪಾಳಿಯವಳು ಹೊಸ ಗ್ರೀಸು ತುಂಬಿ ಹೋದ ಮೇಲೆ, ಮಧ್ಯಾಹ್ನ ಇವಳು ಬಂದು ತನ್ನ ನಂಬಿಕೆಯ ಬಿಳಿ ಗ್ರೀಸನ್ನು ಅದೇ ಬೇರಿಂಗಿಗೆ ಒಂದಿಷ್ಟು ಒತ್ತಿಬಿಡುತ್ತಿದ್ದಳು. ಆ ಹಳದಿ ಪದಾರ್ಥ ಏನೇ ಇರಲಿ, ಇದರ ಜೊತೆ ಇದ್ದರೆ ಕೆಡುಕು ಮಾಡಲಾರದು ಎಂದು ಅವಳ ಧೈರ್ಯ. ಜನರ ಹೊಟ್ಟೆ ಕಾಯುತ್ತಿದ್ದೇನೆ ಎಂದು ಪ್ರಾಮಾಣಿಕವಾಗಿಯೇ ನಂಬಿದ್ದಳು ಪಾಪ.

ಒಂದು ಮಧ್ಯಾಹ್ನ ಕೊಪ್ಪರಿಗೆಯ ಅಂಚಿನಲ್ಲಿ ಬೂದಿ ಬಣ್ಣದ ಹನಿ ಕಂಡಿತು. ಮೇಲೆ ನೋಡಿದರೆ ಬೇರಿಂಗಿನ ಸಂದಿಯಿಂದ ತೆಳ್ಳಗೆ, ಮಜ್ಜಿಗೆಯ ಹಾಗೆ, ಗ್ರೀಸು ಇಳಿಯುತ್ತಿದೆ. ಹಿಟ್ಟು ಕಲಸುವವನು ಕೂಗಿಕೊಂಡ, ಯಂತ್ರ ನಿಂತಿತು, ಒಂದು ಕೊಪ್ಪರಿಗೆ ಹಿಟ್ಟು ತಿಪ್ಪೆಗೆ ಹೋಯಿತು. ಸೂಪರ್‌ವೈಸರ್ ಓಡಿ ಬಂದ.

“ಏನಮ್ಮಾ ಇದು?”

“ಬೂದಿ ಬಣ್ಣ ನೋಡಿ ಸಾರ್. ಒಳಗಿನ ಗ್ರೀಸು ಹೀಗಿರುತ್ತಾ?” ಎಂದಳು ಎಣ್ಣೆಯಕ್ಕ. “ಹೊರಗಿನ ಕಪ್ಪು ಗ್ರೀಸು ಸೇರಿದೆ. ನಾನು ಈಗ ಬಂದಿದ್ದೀನಿ. ಬೆಳಿಗ್ಗೆ ಇದ್ದೋರನ್ನ ಕೇಳಿ.”

“ಅವರು ಕೆಂಪು ಗನ್ನು ಒಳಗೆ ತಂದಿದ್ದು ನೀವು ನೋಡಿದ್ರಾ?”

“ಕೈಯಲ್ಲಿ ಹಿಡ್ಕೊಂಡಿದ್ದು ನೋಡಿದೆ.”

ನೋಡಿದ್ದು ಸುಳ್ಳಲ್ಲ. ಓರಗಿತ್ತಿ ಕೆಂಪು ಗನ್ನು ಹಿಡಿದು ಅಂಗಳದಲ್ಲಿ ತಳ್ಳುಗಾಡಿಯ ಚಕ್ರಕ್ಕೆ ಗ್ರೀಸು ಹಾಕುತ್ತಿದ್ದಳು, ಹಾಕಬೇಕಾದ ಜಾಗದಲ್ಲೇ. ಆ ಅರ್ಧ ಮಾತನ್ನು ಎಣ್ಣೆಯಕ್ಕ ಬಾಯಲ್ಲೇ ಇಟ್ಟುಕೊಂಡಳು. ಸೂಪರ್‌ವೈಸರ್ ಹನಿಯನ್ನು ಡಬ್ಬಿಯಲ್ಲಿ ಹಿಡಿದು ದೂರದ ಊರಿನ ದೊಡ್ಡ ಲ್ಯಾಬಿಗೆ ಕಳಿಸಿದ. ಉತ್ತರ ಬರುವವರೆಗೆ ಓರಗಿತ್ತಿ ಮನೆಯಲ್ಲಿರಬೇಕು ಎಂದಾಯಿತು. ಕಪ್ಪು ಗ್ರೀಸೆಂದು ಗೊತ್ತಾದರೆ ಆಮೇಲೆ ಬರುವುದೇ ಬೇಡ.

ಅಂದು ಎಣ್ಣೆಯಕ್ಕ ಪಾಳಿ ಮುಗಿಸಿ ಬಂದು ನೀರು ಹಿಡಿಯುವಾಗ ಓರಗಿತ್ತಿ ನಲ್ಲಿಯ ಹತ್ತಿರ ಬಂದು ನಿಂತಳು. ಕೊಡ ತುಂಬಿ ಹರಿಯುತ್ತಿದ್ದರೂ ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

“ಅಕ್ಕಾ, ನೀವೇ ಹೇಳಿದ್ರಂತೆ?”

“ಕಂಡಿದ್ದು ಹೇಳ್ದೆ ಕಣೇ.”

“ಕಂಡಿದ್ದೋ, ಅಂದ್ಕೊಂಡಿದ್ದೋ?”

“ನೀನು ತಪ್ಪು ಮಾಡಿಲ್ಲ ಅಂದ್ರೆ ನಿಂಗ್ಯಾಕೆ ಭಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ!”

ಓರಗಿತ್ತಿ ನಲ್ಲಿ ನಿಲ್ಲಿಸಿ ಒಳಗೆ ಹೋದಳು. ಕಿಟಕಿಯೊಳಗಿನಿಂದ ಮೈದುನ ಕುತ್ತಿಗೆ ಎತ್ತಿ ಅತ್ತಿಗೆಯನ್ನು ನೋಡುತ್ತಿದ್ದ. ಬೈದಿದ್ದರೆ ಒಳ್ಳೆಯದಿತ್ತು. ಅವನು ಮೆಲ್ಲಗೆ, “ಅತ್ತಿಗೇ, ನೀವು ಸೇರಿಸಿದ ಕೆಲಸ, ನೀವೇ ನೋಡ್ಕೊಳ್ಳಿ” ಎಂದಷ್ಟೇ ಹೇಳಿದ. ಆ ಮಾತಿನಲ್ಲೂ ಕೊಂಕಿದೆಯೇ ಎಂದು ಅವಳು ಅಡಿಗೆ ಮನೆಯಲ್ಲಿ ಬಹಳ ಹೊತ್ತು ಹುಡುಕಿದಳು. ಸಿಗಲಿಲ್ಲ, ಅದಕ್ಕೇ ಊಟ ಸೇರಲಿಲ್ಲ.

ಮುಂದಿನ ದಿನಗಳಲ್ಲಿ ಎರಡೂ ಪಾಳಿಯ ಕೆಲಸ ಎಣ್ಣೆಯಕ್ಕನ ಮೈಮೇಲೆ ಬಿತ್ತು. ಬೇರಿಂಗನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಿ ಎಂದು ಸೂಪರ್‌ವೈಸರ್ ಹೇಳಿದ. ಅವಳು ತೊಳೆದಳು, ಅವನು ನೋಡುವಾಗ ಹೊಸದು ತುಂಬಿದಳು, ಅವನು ಆಚೆ ಹೋದ ಮೇಲೆ ಪೆಟ್ಟಿಗೆಯ ತಳದಿಂದ ತನ್ನದನ್ನೂ ಒಂದಿಷ್ಟು ಒತ್ತಿದಳು. ಕೆಂಪು ಗನ್ನಿನ ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸ್ಟೋರಿನವನು ಆ ಕಡೆ ಬಂದರೆ ಹಿಂದೆಯೇ ಹೋಗಿ ನಿಲ್ಲುತ್ತಿದ್ದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯ್ದಳು.

ಅಷ್ಟು ಕಾಯ್ದರೂ ಕೊಪ್ಪರಿಗೆಯ ಅಂಚಿನಲ್ಲಿ ಮತ್ತೆ ಅದೇ ಹನಿ. ಅದೇ ಬೂದಿ ಬಣ್ಣ. ಓರಗಿತ್ತಿ ಮನೆಯಲ್ಲಿದ್ದಾಳೆ, ಕೀಲಿ ಸೊಂಟದಲ್ಲಿದೆ, ಬೇರೆ ಯಾರೂ ಈ ಬೇರಿಂಗನ್ನು ಮುಟ್ಟಿಲ್ಲ. ಎಣ್ಣೆಯಕ್ಕ ಯಂತ್ರ ನಿಲ್ಲಿಸಿ, ಬೆರಳ ತುದಿಗೆ ಆ ಹನಿಯನ್ನು ತೆಗೆದುಕೊಂಡು ಮೂಗಿನ ಹತ್ತಿರ ತಂದಳು.

ವಾಸನೆಯಿಲ್ಲ. ಕಪ್ಪು ಗ್ರೀಸು ಸಾಸಿವೆಯಷ್ಟು ಸೇರಿದ್ದರೂ ಗ್ಯಾರೇಜಿನ ನಾತ ಬರಬೇಕಿತ್ತು. ಮೊದಲ ಹನಿಯನ್ನು ಅವಳು ಮೂಸಿಯೇ ಇರಲಿಲ್ಲ. ಹಾಲು, ಹಣ್ಣು, ಗಂಡನ ಅಂಗಿ ಎಲ್ಲವನ್ನೂ ಮೂಸಿದವಳು ಜನ್ಮದಲ್ಲಿ ಮೂಸದೆ ನಂಬಿದ್ದು ಒಂದನ್ನೇ, ತನ್ನ ಅನುಮಾನವನ್ನು. ಆ ಹನಿಯನ್ನು ಕಂಡ ಕ್ಷಣವೇ ಅವಳಿಗೆ ಓರಗಿತ್ತಿಯ ಮುಖ ಕಂಡಿತ್ತು, ಮೂಗಿಗೆ ಕೆಲಸವೇ ಉಳಿದಿರಲಿಲ್ಲ.

ಅವಳು ಉಕ್ಕಿನ ತಟ್ಟೆಯೊಂದರ ಮೇಲೆ ಹೊಸ ಗ್ರೀಸನ್ನು ಒಂದು ಉಗುರಿನಷ್ಟು, ಹಳೆಯದನ್ನು ಒಂದು ಉಗುರಿನಷ್ಟು ಇಟ್ಟಳು. ಎರಡೂ ಗಟ್ಟಿಯಾಗಿ ಕೂತಿದ್ದವು. ಎರಡನ್ನೂ ಸೇರಿಸಿ ಬೆರಳಿನಿಂದ ತಿಕ್ಕಿ, ಬಿಸ್ಕತ್ತು ಬೇಯಿಸುವ ಒಲೆಯ ಬಿಸಿ ತಾಗುವಲ್ಲಿ ತಟ್ಟೆಯನ್ನು ಓರೆ ಮಾಡಿ ಹಿಡಿದಳು. ಸ್ವಲ್ಪ ಹೊತ್ತಿಗೆ ಅದು ನೀರಾಗಿ ಅವಳ ಮಣಿಕಟ್ಟಿನತ್ತ ಹರಿದು ಬಂತು. ಬೇರಿಂಗಿನಲ್ಲಿ ಹೀಗೇ ನೀರಾಗಿ ಇಳಿದಿದೆ, ಗ್ರೀಸು ಉಳಿಯದೆ ಲೋಹ ಲೋಹಕ್ಕೆ ಉಜ್ಜಿ ಆ ಬೂದಿ ಬಣ್ಣ ಬಂದಿದೆ. ಕೆಡುಕು ಮಾಡದಿರಲಿ ಎಂದು ತಾನು ದಿನಾ ಒತ್ತಿದ್ದೇ ಕೆಡುಕಾಗಿತ್ತು.

ಯಾರೂ ನೋಡಿಲ್ಲ, ಲ್ಯಾಬಿನ ಉತ್ತರವೂ ಇನ್ನೂ ಬಂದಿಲ್ಲ. ಡಬ್ಬವನ್ನು ಕಸದ ಗಾಡಿಗೆ ಹಾಕಿದರೆ ಮುಗಿಯಿತು, ಹನಿಯೂ ನಿಲ್ಲುತ್ತದೆ, ಓರಗಿತ್ತಿ ಹೋದ ಮೇಲೆ ಎಲ್ಲ ಸರಿಹೋಯಿತು ಎಂದೂ ಆಗುತ್ತದೆ. ಆ ಯೋಚನೆ ಅವಳಿಗೆ ಬರಲಿಲ್ಲವೆಂದು ಹೇಳಿದರೆ ನಾನೂ ಸುಳ್ಳುಗಾರನಾಗುತ್ತೇನೆ. ಬಂತು, ಚೆನ್ನಾಗಿಯೇ ಬಂತು. ಆದರೆ ಕಿಟಕಿಯಿಂದ ಎತ್ತಿದ್ದ ಮೈದುನನ ಕುತ್ತಿಗೆಯೂ ಕಣ್ಣ ಮುಂದೆ ಬಂತು. ಅವಳು ಪೆಟ್ಟಿಗೆಯ ತಳದಿಂದ ಡಬ್ಬ ತೆಗೆದು, ಸೆರಗಿನಲ್ಲಿ ಮುಚ್ಚದೆ, ಎಲ್ಲರೂ ನೋಡುವಂತೆ ಹಿಡಿದುಕೊಂಡು ಸೂಪರ್‌ವೈಸರ್ ಮೇಜಿನ ಮೇಲಿಟ್ಟಳು.

“ಅವಳದೇನೂ ತಪ್ಪಿಲ್ಲ ಸಾರ್. ಎರಡನ್ನೂ ಬೆರೆಸಿದ್ದು ನಾನು.”

ಸೂಪರ್‌ವೈಸರ್ ಡಬ್ಬವನ್ನು ನೋಡಿದ, ಅವಳನ್ನು ನೋಡಿದ. “ಎರಡೂ ಒಳ್ಳೇವೇ ಅಮ್ಮಾ, ಬೆರೆಸಿದ್ರೆ ಮಾತ್ರ ಕೆಡ್ತವೆ ಅಂತ ಅವತ್ತೇ ಎಲ್ಲರ ಮುಂದೆ ಹೇಳಿದ್ನಲ್ಲ? ಎಲ್ಲಿತ್ತು ನಿಮ್ಮ ಗಮನ?”

ಅವಳು ಸೊಂಟದಿಂದ ಕೀಲಿ ಬಿಚ್ಚಿ ಡಬ್ಬದ ಪಕ್ಕದಲ್ಲಿಟ್ಟಳು.

ಓರಗಿತ್ತಿ ಬಿಳಿ ಗನ್ನಿಗೆ ಮರಳಿದಳು. ಎಣ್ಣೆಯಕ್ಕನಿಗೆ ಗೆರೆಯಾಚೆಯ ಕೆಲಸ ಸಿಕ್ಕಿತು, ಕೆಂಪು ಗನ್ನು, ತಳ್ಳುಗಾಡಿ, ಗೇಟಿನ ಕೀಲು. ಅಲ್ಲಿ ಮೂಸುವಂಥದ್ದು ಏನೂ ಇಲ್ಲ, ಎಲ್ಲವೂ ದೂರದಿಂದಲೇ ನಾರುತ್ತದೆ.

ಆ ಸಂಜೆ ಅವಳು ಚಹಾ ಮಾಡಿ, ಲೋಟ ಹಿಡಿದು, ಗೋಡೆಯಾಚೆಯ ಮನೆಗೆ ಹೋದಳು. ದಾರಿಯುದ್ದಕ್ಕೂ ಒಂದು ಮಾತು ಜೋಡಿಸಿಕೊಂಡಿದ್ದಳು, ಬಾಗಿಲಲ್ಲಿ ಅದು ಮರೆತೇ ಹೋಯಿತು. “ತಗೋ, ಬಿಸಿ ಇದೆ” ಎಂದಳು. ಓರಗಿತ್ತಿ ಲೋಟ ತೆಗೆದುಕೊಂಡಳು. ಕೊಟ್ಟದ್ದನ್ನೆಲ್ಲ ನಗುತ್ತಾ ಬಾಯಿಗಿಟ್ಟುಕೊಳ್ಳುತ್ತಿದ್ದವಳು ಅಕ್ಕನ ಮುಖವನ್ನೊಮ್ಮೆ ನೋಡಿದಳು, ಲೋಟವನ್ನು ಮೂಗಿನ ಹತ್ತಿರ ತಂದು ಮೂಸಿದಳು, ಮತ್ತೆ ಮುಖ ನೋಡಿದಳು. ಆಮೇಲೆ ಒಂದು ಗುಟುಕು ಕುಡಿದು, “ಚೆನ್ನಾಗಿದೆ ಅಕ್ಕಾ” ಎಂದಳು.